‘ನಾವೆಲ್ಲ ಪಾಪಿಗಳು’ ಎಂದಾದ ಮೇಲೆ

ಭಾನುವಾರದ ಆರಾಧನೆಯಲ್ಲಿ ಪಾಪದ ಅರಿಕೆಯ ಪ್ರಾರ್ಥನೆ ಬಂದಾಗ ಯಾರ ನಾಲಿಗೆಯೂ ತಡವರಿಸುವುದಿಲ್ಲ. ಆಲೋಚನೆಯಲ್ಲಿ, ಮಾತಿನಲ್ಲಿ, ಕೃತ್ಯದಲ್ಲಿ ತಪ್ಪಿದ್ದೇವೆ, ಮಾಡಬೇಕಾದ್ದನ್ನು ಮಾಡದೆ ಬಿಟ್ಟಿದ್ದೇವೆ ಎಂದು ಇಡೀ ಸಭೆ ಒಂದೇ ದನಿಯಲ್ಲಿ ಹೇಳುತ್ತದೆ. ಕಥೋಲಿಕ ದೇವಾಲಯವಾದರೆ ಎದೆ ತಟ್ಟಿಕೊಂಡು ಹೇಳುತ್ತದೆ. ಮರುಗಳಿಗೆ ಹಾಡು ಶುರುವಾಗಿರುತ್ತದೆ. ಆರಾಧನೆ ಮುಗಿದ ಮೇಲೆ ಅದೇ ಜನರಲ್ಲಿ ಒಬ್ಬರನ್ನು ಗೇಟಿನ ಹತ್ತಿರ ನಿಲ್ಲಿಸಿ, ‘ಅಣ್ಣಾ, ತಂಗಿಯ ಕೈಲಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರಲ್ಲ, ಅದು ಸರಿಯಾ?’ ಎಂದು ಕೇಳಿ ನೋಡಿ. ಮಾತು ಅಲ್ಲಿಗೇ ಮುರಿದುಬೀಳುತ್ತದೆ. ಹತ್ತು ನಿಮಿಷದ ಹಿಂದೆ ‘ನಾನು ಮಹಾಪಾಪಿ’ ಎಂದು ಒಪ್ಪಿಕೊಂಡಿದ್ದ ಮನುಷ್ಯ ಈಗ ಒಂದೇ ಒಂದು ಪಾಪವನ್ನೂ ಒಪ್ಪಿಕೊಳ್ಳಲು ತಯಾರಿಲ್ಲ.

ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಪ್ರಾರ್ಥನೆಯನ್ನು ಹೇಳುವವರು ಮನಸ್ಸಿಟ್ಟೇ ಹೇಳುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ‘ಪಾಪಿ’ ಎನ್ನುವುದು ಎಲ್ಲರಿಗೂ ಅನ್ವಯಿಸುವ ಮಾತಾದ್ದರಿಂದ ಅದರ ಹಿಂದೆ ಯಾರು ಬೇಕಾದರೂ ನಿಲ್ಲಬಹುದು. ‘ಸುಳ್ಳು ಬಿಲ್ ಮಾಡಿ ಇಷ್ಟು ದುಡ್ಡು ತೆಗೆದುಕೊಂಡೆ’ ಎಂಬ ಮಾತಿನ ಹಿಂದೆ ಒಬ್ಬನೇ ನಿಲ್ಲಬೇಕಾಗುತ್ತದೆ. ಹೆಸರಿಲ್ಲದ ಪಾಪಕ್ಕೆ ಸಿಗುವ ಸಮಾಧಾನವೂ ಹೆಸರಿಲ್ಲದ್ದೇ. ವರ್ಷಗಟ್ಟಲೆ ಕ್ಷಮೆ ಕೇಳಿಯೂ ಬದುಕು ಇದ್ದಲ್ಲೇ ಇದೆ ಎಂದು ಕೊರಗುವ ಭಕ್ತರು ಎಲ್ಲ ಸಭೆಗಳಲ್ಲೂ ಇದ್ದಾರೆ. ಅವರ ಕೊರಗಿಗೆ ಒಂದು ಮುಖ್ಯ ಕಾರಣ ಇಲ್ಲಿದೆ ಎಂದು ನನ್ನ ನಂಬಿಕೆ.

ನಾತಾನನು ಅರಮನೆಗೆ ಬಂದ ದಿನ

ಸತ್ಯವೇದದ (ಬೈಬಲಿನ) ಎರಡನೆಯ ಸಮುವೇಲ ಎಂಬ ಪುಸ್ತಕದ 11 ಮತ್ತು 12ನೇ ಅಧ್ಯಾಯಗಳನ್ನು ಒಂದೇ ಸಲ ಕೂತು ಓದಬೇಕು. ಅರಸನಾದ ದಾವೀದನ ಪಾಪವನ್ನು ನಾವು ‘ವ್ಯಭಿಚಾರ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತೇವೆ. ಸತ್ಯವೇದ ಹಾಗೆ ಮುಗಿಸುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಡುತ್ತದೆ. ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ಅವನು ಯೆರೂಸಲೇಮಿನಲ್ಲೇ ಉಳಿದ. ಮಾಳಿಗೆಯಿಂದ ಒಬ್ಬ ಹೆಂಗಸನ್ನು ನೋಡಿದ, ವಿಚಾರಿಸಿದ. ಆಕೆ ತನ್ನ ಸೈನಿಕ ಊರೀಯನ ಹೆಂಡತಿ ಎಂದು ತಿಳಿದ ಮೇಲೂ ಆಳುಗಳನ್ನು ಕಳಿಸಿ ಕರೆಸಿದ. ಬಸುರಾದ ಸುದ್ದಿ ಬಂದಾಗ ಗಂಡನನ್ನು ರಣರಂಗದಿಂದ ಕರೆಸಿ ಮನೆಗೆ ಹೋಗು ಎಂದ. ಜೊತೆಯವರೆಲ್ಲ ಬಯಲಿನಲ್ಲಿ ಮಲಗಿರುವಾಗ ತಾನು ಮನೆಗೆ ಹೋಗಲಾರೆ ಎಂದು ಊರೀಯ ಅರಮನೆಯ ಬಾಗಿಲಲ್ಲೇ ಮಲಗಿದ. ಮಾರನೆಯ ದಿನ ಅವನಿಗೆ ಕುಡಿಸಿ ನೋಡಿದ್ದಾಯಿತು, ಆಗಲೂ ಹೋಗಲಿಲ್ಲ. ಕೊನೆಗೆ ಅವನ ಸಾವಿನ ಪತ್ರವನ್ನು ಅವನ ಕೈಗೇ ಕೊಟ್ಟು ಸೇನಾಪತಿ ಯೋವಾಬನ ಹತ್ತಿರ ಕಳಿಸಿದ. ಊರೀಯ ಸತ್ತ ಸುದ್ದಿ ಬಂದಾಗ ದಾವೀದ ಹೇಳಿಕಳಿಸಿದ್ದು, ಬೇಸರಪಡಬೇಡ, ಕತ್ತಿ ಇವನನ್ನೂ ತಿನ್ನುತ್ತದೆ, ಅವನನ್ನೂ ತಿನ್ನುತ್ತದೆ ಎಂಬರ್ಥದ ಮಾತು. ಒಂದು ಕೊಲೆಯನ್ನು ಯುದ್ಧದ ಸಾಮಾನ್ಯ ನಿಯಮದೊಳಗೆ ಬಚ್ಚಿಟ್ಟ ಮಾತು ಅದು.

ಮಗು ಹುಟ್ಟುವವರೆಗೂ ಈ ಮೌನ ಮುಂದುವರಿಯಿತು. ಆಮೇಲೆ ಪ್ರವಾದಿ ನಾತಾನ ಬಂದ. ನೇರವಾಗಿ ‘ನೀನು ಪಾಪಿ’ ಎನ್ನಲಿಲ್ಲ. ಎಂದಿದ್ದರೆ ದಾವೀದ ತಲೆಯಾಡಿಸಿ ಒಪ್ಪಿಕೊಂಡು ಸುಮ್ಮನಾಗಿರುತ್ತಿದ್ದನೋ ಏನೋ. ಕುರಿ ದನ ಬೇಕಾದಷ್ಟಿದ್ದ ಸಾಹುಕಾರನೊಬ್ಬ ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದ ಕತೆ ಹೇಳಿದ. ದಾವೀದ ಸಿಟ್ಟಿನಿಂದ ತೀರ್ಪು ಕೊಟ್ಟ: ಅವನು ಸಾಯತಕ್ಕವನು, ಒಂದಕ್ಕೆ ನಾಲ್ಕರಷ್ಟು ಕೊಡಬೇಕು. ಈ ‘ನಾಲ್ಕರಷ್ಟು’ ಬಾಯಿಗೆ ಬಂದ ಲೆಕ್ಕವಲ್ಲ. ವಿಮೋಚನಕಾಂಡ 22ರ ಪ್ರಕಾರ ಕದ್ದ ಕುರಿಯನ್ನು ಕೊಯ್ದಿದ್ದರೆ ಅಥವಾ ಮಾರಿದ್ದರೆ ಒಂದಕ್ಕೆ ನಾಲ್ಕು, ಎತ್ತಾದರೆ ಒಂದಕ್ಕೆ ಐದು ಕೊಡಬೇಕು. ಬೇರೆಯವರ ಪಾಪದ ವಿಷಯ ಬಂದಾಗ ದಾವೀದನಿಗೆ ಧರ್ಮಶಾಸ್ತ್ರದ ಕಲಮುಗಳು ನೆಟ್ಟಗೆ ನೆನಪಿದ್ದವು. ‘ಆ ಮನುಷ್ಯನು ನೀನೇ’ ಎಂದು ನಾತಾನ ಹೇಳಿದ್ದು ಆಗ. ಆಮೇಲೆ ಅವನು ಊರೀಯನ ಹೆಸರು ತೆಗೆದ, ಅವನ ಹೆಂಡತಿಯನ್ನು ತೆಗೆದುಕೊಂಡದ್ದನ್ನು ಹೇಳಿದ, ಅಮ್ಮೋನಿಯರ ಕತ್ತಿಯಿಂದ ಕೊಲ್ಲಿಸಿದ್ದನ್ನು ಹೇಳಿದ. ಯುದ್ಧದ ಲೆಕ್ಕದಲ್ಲಿ ಕಳೆದುಹೋಗಿದ್ದ ಒಬ್ಬ ಮನುಷ್ಯನನ್ನು ದಾವೀದನ ಎದುರಿಗೆ ತಂದು ನಿಲ್ಲಿಸಿದ.

ಮುಂದಿನದು ಬಹಳ ಬೇಗ ನಡೆಯುತ್ತದೆ. 12ನೇ ಅಧ್ಯಾಯದ 13ನೇ ವಚನ ಒಂದರಲ್ಲೇ ದಾವೀದನ ಒಪ್ಪಿಗೆಯೂ ಇದೆ, ಯೆಹೋವನು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ, ನೀನು ಸಾಯುವುದಿಲ್ಲ ಎಂಬ ನಾತಾನನ ಉತ್ತರವೂ ಇದೆ. ನಡುವೆ ಉಪವಾಸವಿಲ್ಲ, ಹರಕೆಯಿಲ್ಲ. ಆದರೂ ಪರಿಣಾಮಗಳು ಅಳಿಸಿಹೋಗಲಿಲ್ಲ. ಮಗು ಉಳಿಯಲಿಲ್ಲ, ಕತ್ತಿ ಆ ಮನೆಯನ್ನು ಬಿಡಲಿಲ್ಲ. ಕ್ಷಮೆ ಎಂದರೆ ಪರಿಣಾಮ ರದ್ದಾಗುವುದು ಎಂದುಕೊಂಡವರು ಈ ಅಧ್ಯಾಯದ ಮುಂದೆ ಬಹಳ ಹೊತ್ತು ಕೂರಬೇಕು.

51ನೇ ಕೀರ್ತನೆಯ ಶೀರ್ಷಿಕೆ ಆ ಹಾಡನ್ನು ಇದೇ ಸಂದರ್ಭಕ್ಕೆ ಸೇರಿಸುತ್ತದೆ. ದೇವರೇ, ನಿನಗೆ ಮಾತ್ರ ವಿರುದ್ಧವಾಗಿ ಪಾಪ ಮಾಡಿದ್ದೇನೆ ಎಂಬ ಅದರ ಮಾತನ್ನು ಹಿಡಿದುಕೊಂಡು, ‘ನನ್ನ ಲೆಕ್ಕ ದೇವರ ಹತ್ತಿರ, ಮನುಷ್ಯರ ಹತ್ತಿರ ಏನೂ ಇಲ್ಲ’ ಎನ್ನುವವರಿದ್ದಾರೆ. ನಾತಾನ ಊರೀಯನ ಹೆಸರನ್ನು ಬಾಯಿಬಿಟ್ಟು ಹೇಳಿಯಾದ ಮೇಲೆ ಹುಟ್ಟಿದ ಮಾತು ಅದು ಎಂಬುದನ್ನು ಮರೆತರೆ ಕೀರ್ತನೆಯೇ ತಲೆಕೆಳಗಾಗುತ್ತದೆ. ಊರೀಯನಿಗೆ ಮಾಡಿದ ಅನ್ಯಾಯ ದೇವರಿಗೇ ಮಾಡಿದ್ದು ಎಂದು ಅರಿತವನ ಅಳು ಅಲ್ಲಿದೆ. ಅದರಿಂದ ಊರೀಯನ ಲೆಕ್ಕ ದೊಡ್ಡದಾಗುತ್ತದೆಯೇ ಹೊರತು ಚುಕ್ತಾ ಆಗುವುದಿಲ್ಲ.

ಮನೆಗೆ ಮೊದಲು ಬಂದವನು ಯಾರು

ಹಾಗಾದರೆ ಹೆಸರಿಟ್ಟು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಭಯದಲ್ಲಿರುವ ಮನುಷ್ಯ ತನ್ನ ಹೆಗಲನ್ನು ಒರೆಸಿಕೊಳ್ಳುತ್ತಾನೆ, ತೋರಿಸುವುದಿಲ್ಲ. ‘ಮೊದಲು ನೀನು ಎಲ್ಲವನ್ನೂ ಒಪ್ಪಿಕೋ, ಆಮೇಲೆ ದೇವರು ನಿನ್ನನ್ನು ಸ್ವೀಕರಿಸುತ್ತಾನೆ’ ಎಂಬ ಬೋಧನೆ ಕೆಲಸ ಮಾಡದಿರುವುದು ಇದಕ್ಕೇ. ಶಿಕ್ಷೆಯ ಹೆದರಿಕೆ ಇರುವವರೆಗೂ ಮನಸ್ಸು ವಕೀಲನ ಕೆಲಸವನ್ನೇ ಮಾಡುತ್ತಿರುತ್ತದೆ.

ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಜಕ್ಕಾಯನ ಪ್ರಸಂಗದ ಅನುಕ್ರಮ ನೋಡಿ. ಯೆರಿಕೋವಿನಲ್ಲಿ ಮರ ಹತ್ತಿ ಕೂತಿದ್ದವನನ್ನು ಯೇಸು ಹೆಸರು ಹಿಡಿದು ಕರೆದ, ಇವತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ. ಸುಂಕದವರ ಮುಖ್ಯಸ್ಥನಾದ ಜಕ್ಕಾಯ ಆ ಹೊತ್ತಿಗೆ ಒಂದು ಪಾಪವನ್ನೂ ಅರಿಕೆ ಮಾಡಿರಲಿಲ್ಲ. ಜನ ಗೊಣಗಿದ್ದೂ ಅದಕ್ಕೇ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಜಕ್ಕಾಯ ಎದ್ದು ನಿಂತು ಹೇಳಿದ್ದು ಆಮೇಲೆ. ಧರ್ಮಶಾಸ್ತ್ರದ ಪ್ರಕಾರ ತಾನಾಗಿ ಒಪ್ಪಿಕೊಂಡವನು ತೆಗೆದುಕೊಂಡದ್ದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಎನ್ನುವುದು ಕುರಿ ಕದ್ದು ಸಿಕ್ಕಿಬಿದ್ದ ಕಳ್ಳನ ದಂಡ. ಯಾರೂ ಹಿಡಿಯದೆ ಇದ್ದಾಗ ಜಕ್ಕಾಯ ಆ ದಂಡವನ್ನು ತಾನೇ ಹಾಕಿಕೊಂಡ. ಅತಿಥಿಯಾಗಿ ಬಂದ ಕರ್ತನೆದುರು ಅವನಿಗೆ ಹಣ ಹಗುರವಾಗಿತ್ತು.

ಯೇಸುವಿನ ಶಿಷ್ಯ ಪೇತ್ರನ ವಿಷಯವೂ ಹೀಗೇ. ಎಲ್ಲರೂ ಬಿಟ್ಟುಹೋದರೂ ನಾನು ಬಿಡುವುದಿಲ್ಲ ಎಂದಿದ್ದ ಅವನು ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಾ, ಯೇಸುವಿನ ಬಗ್ಗೆ ಕೇಳಿದವರಿಗೆ ಮೂರು ಸಲ ‘ಅವನು ಯಾರೋ ನನಗೆ ಗೊತ್ತಿಲ್ಲ’ ಎಂದ. ಯೋಹಾನನು ಬರೆದ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ತಿಬೇರಿಯ ಸಮುದ್ರದ ದಡದಲ್ಲಿ ಮತ್ತೆ ಇದ್ದಲ ಬೆಂಕಿ ಇದೆ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದ್ದಲ ಬೆಂಕಿಗೆ ಬಳಸಿರುವ ಆ ಪದ ಈ ಎರಡೇ ಕಡೆ ಬರುತ್ತದೆ. ಪುನರುತ್ಥಾನಗೊಂಡ ಯೇಸು ಮೊದಲು ಊಟ ಬಡಿಸಿದ. ಊಟವಾದ ಮೇಲೆ ಕೇಳಿದ: ಇವರಿಗಿಂತ ಹೆಚ್ಚಾಗಿ ನನ್ನನ್ನು ಪ್ರೀತಿಸುತ್ತೀಯಾ? ‘ಇವರಿಗಿಂತ ಹೆಚ್ಚಾಗಿ’ ಎಂಬುದು ಪೇತ್ರನ ಹಳೆಯ ಜಂಬದ ಮಾತಿಗೆ ನೇರವಾಗಿ ತಗಲುವ ಪ್ರಶ್ನೆ. ಮೂರು ಸಲ ಕೇಳಿದ, ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಯಿತು ಎಂದು ಸುವಾರ್ತೆ ಹೇಳುತ್ತದೆ. ಆ ನೋವನ್ನು ಯೇಸು ತಪ್ಪಿಸಲಿಲ್ಲ. ‘ಹೋಗಲಿ ಬಿಡು, ಆದದ್ದಾಯಿತು’ ಎನ್ನಬಹುದಿತ್ತು, ಅನ್ನಲಿಲ್ಲ. ಗಾಯ ಎಲ್ಲಿತ್ತೋ ಅಲ್ಲಿಗೇ ಕೈ ಹಾಕಿದ, ಪ್ರತಿ ಉತ್ತರದ ಬೆನ್ನಿಗೆ ಒಂದು ಜವಾಬ್ದಾರಿ ಕೊಟ್ಟ.

ಕೃಪೆ ಎಂದರೆ ಪಾಪವನ್ನು ನೋಡದೆ ಇರುವುದು ಎಂದು ತಿಳಿದವರಿಗೂ, ಪಾಪವನ್ನು ಪೂರ್ತಿ ತೊಳೆದುಕೊಂಡ ಮೇಲೆ ಸಿಗುವ ಬಹುಮಾನ ಎಂದು ತಿಳಿದವರಿಗೂ ಆ ದಡದ ಊಟದಲ್ಲಿ ಉತ್ತರವಿದೆ. ಐದನೆಯ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಮತ್ತು ಅಗಸ್ಟೀನ್ ಎಂಬ ಇಬ್ಬರು ಕ್ರೈಸ್ತ ಬೋಧಕರ ನಡುವೆ ನಡೆದ ದೊಡ್ಡ ವಾದದ ತಿರುಳೂ ಇದೇ. ಮನುಷ್ಯ ಮನಸ್ಸು ಮಾಡಿದರೆ ಒಳ್ಳೆಯವನಾಗಬಲ್ಲ ಎಂದು ಪೆಲಾಗಿಯಸ್. ಆ ಮನಸ್ಸು ಮಾಡುವುದಕ್ಕೂ ಕೃಪೆ ಮೊದಲು ಬರಬೇಕು ಎಂದು ಅಗಸ್ಟೀನ್. 418ರಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಬಿಷಪರ ಸಭೆ ಪೆಲಾಗಿಯಸನ ಬೋಧನೆಯನ್ನು ತಳ್ಳಿಹಾಕಿತು. ಆದರೂ ನಮ್ಮ ದೇವಾಲಯಗಳ ಪ್ರಸಂಗಗಳಲ್ಲಿ (ಬೋಧನೆಗಳಲ್ಲಿ) ಆತ ಇವತ್ತಿಗೂ ಬದುಕಿದ್ದಾನೆ; ‘ಪ್ರಯತ್ನ ಮಾಡಿ, ಇನ್ನೂ ಪ್ರಯತ್ನ ಮಾಡಿ’ ಎಂದಷ್ಟೇ ಹೇಳಿ ಜನರನ್ನು ಮನೆಗೆ ಕಳಿಸುವ ಪ್ರಸಂಗವೆಲ್ಲ ಅವನದೇ.

ರಾತ್ರಿಯ ಕಾಲು ಗಂಟೆ

ಹೆಸರಿಟ್ಟು ನೋಡಿಕೊಳ್ಳುವುದಕ್ಕೆ ಕ್ರೈಸ್ತ ಪರಂಪರೆಯಲ್ಲಿ ಪಳಗಿದ ಒಂದು ದಾರಿ, ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಪರಿಶೋಧನೆ. (ನಮ್ಮ ಕಡೆಯ ಕಥೋಲಿಕರಲ್ಲಿ ಇನ್ನಾಸಪ್ಪ ಎಂದು ಹೆಸರಿಟ್ಟುಕೊಂಡವರ ಸಂತ ಇವರೇ.) 1548ರಲ್ಲಿ ಮೂರನೆಯ ಪಾವ್ಲ್ ಪೋಪರ ಒಪ್ಪಿಗೆ ಪಡೆದ ಅವರ ಸಾಧನೆಯ ಕೈಪಿಡಿಯಲ್ಲಿ ಇದಕ್ಕೆ ಐದು ಹೆಜ್ಜೆಗಳಿವೆ. ಮೊದಲು ಆ ದಿನ ಪಡೆದದ್ದಕ್ಕಾಗಿ ದೇವರಿಗೆ ಕೃತಜ್ಞತೆ. ಎರಡನೆಯದಾಗಿ, ತನ್ನ ಪಾಪವನ್ನು ತಿಳಿಯುವ, ಅದನ್ನು ತೊರೆಯುವ ಕೃಪೆಗಾಗಿ ಬೇಡಿಕೆ. ಮೂರನೆಯದಾಗಿ ಎದ್ದ ಗಳಿಗೆಯಿಂದ ಗಂಟೆ ಗಂಟೆಯಾಗಿ ದಿನವನ್ನು ತಿರುಗಿ ನೋಡುವುದು: ಮೊದಲು ಆಲೋಚನೆ, ಆಮೇಲೆ ಮಾತು, ಆಮೇಲೆ ಕೃತ್ಯ. ನಾಲ್ಕನೆಯದು ಕ್ಷಮೆ ಕೇಳುವುದು. ಐದನೆಯದು ದೇವರ ಕೃಪೆಯಿಂದ ತಿದ್ದಿಕೊಳ್ಳುವ ನಿರ್ಧಾರ, ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ. ಹತ್ತು ಹದಿನೈದು ನಿಮಿಷ ಸಾಕು.

ಜನ ಎಡವುವುದು ಮೊದಲ ಹೆಜ್ಜೆಯಲ್ಲೇ. ಕೃತಜ್ಞತೆಯನ್ನು ಪೀಠಿಕೆ ಎಂದುಕೊಂಡು ಹಾರಿಸಿ ನೇರವಾಗಿ ತಪ್ಪುಗಳ ಪಟ್ಟಿಗೆ ಹೋಗುತ್ತಾರೆ. ಹಾಗೆ ಮಾಡಿದರೆ ನಾಲ್ಕೈದು ದಿನದಲ್ಲಿ ಈ ಅಭ್ಯಾಸ ಒಂದು ಪೊಲೀಸ್ ವಿಚಾರಣೆಯಾಗುತ್ತದೆ, ಎರಡನೆಯ ವಾರಕ್ಕೆ ನಿಂತೇಹೋಗುತ್ತದೆ. ಕೃತಜ್ಞತೆಯೂ ಬಿಡಿಬಿಡಿಯಾಗಿರಬೇಕು. ‘ಎಲ್ಲದಕ್ಕೂ ಸ್ತೋತ್ರ’ ಎಂದರೆ ಅದೂ ‘ನಾವೆಲ್ಲ ಪಾಪಿಗಳು’ ಎಂಬಷ್ಟೇ ಮಸುಕು. ಮಧ್ಯಾಹ್ನ ಸಿಕ್ಕ ಊಟ, ಬೆಳಿಗ್ಗೆ ಫೋನ್ ಮಾಡಿದ ಅತ್ತಿಗೆ, ಇಳಿದ ಜ್ವರ ಎಂದು ಹೇಳಬೇಕು. ಬೇಕಾದ್ದನ್ನೆಲ್ಲ ಕೊಟ್ಟವನ ಎದುರು ಕೂತಿದ್ದೇನೆ ಎಂಬುದು ಗಟ್ಟಿಯಾದ ಮೇಲೆ ಮೂರನೆಯ ಹೆಜ್ಜೆಯಲ್ಲಿ ಕಣ್ಣು ತಪ್ಪಿಸುವ ಅಗತ್ಯ ಕಡಿಮೆಯಾಗುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡು ಮಾಡಲು ಹೊರಟರೆ ಎರಡನೆಯ ಹೆಜ್ಜೆಗೆ ನಿದ್ದೆ ಬರುತ್ತದೆ, ಆದ್ದರಿಂದ ರಾತ್ರಿ ಊಟಕ್ಕೆ ಮುಂಚೆ ಕುರ್ಚಿಯಲ್ಲಿ ಕೂತು ಮಾಡುವುದು ಒಳ್ಳೆಯದು.

ಇದರ ಜೊತೆಗೆ ಇಗ್ನೇಷಿಯಸರು ಇನ್ನೊಂದು ಪರಿಶೋಧನೆಯನ್ನೂ ಹೇಳುತ್ತಾರೆ. ಅದು ಒಂದೇ ಒಂದು ದೋಷವನ್ನು ಹಿಡಿದು ನಡೆಯುವುದು. ಬೆಳಿಗ್ಗೆ ಎದ್ದಾಗ ಆ ದೋಷದ ವಿಷಯದಲ್ಲಿ ಎಚ್ಚರವಾಗಿರುವ ನಿರ್ಧಾರ. ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿಯ ಊಟದ ನಂತರ ಒಮ್ಮೆ ಲೆಕ್ಕ. ವಾರದ ಪ್ರತಿ ದಿನಕ್ಕೂ ಎರಡೆರಡು ಗೆರೆ ಎಳೆದುಕೊಂಡು, ಎಷ್ಟು ಸಲ ಬಿದ್ದರೋ ಅಷ್ಟು ಚುಕ್ಕೆ ಇಡಬೇಕು. ಮೇಲಿನ ಗೆರೆಯನ್ನು ಕೆಳಗಿನದರ ಜೊತೆ, ನಿನ್ನೆಯನ್ನು ಇಂದಿನ ಜೊತೆ, ಹೋದ ವಾರವನ್ನು ಈ ವಾರದ ಜೊತೆ ಹೋಲಿಸಿ ನೋಡಬೇಕು. ಬಿದ್ದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊಳ್ಳಿ, ಹತ್ತು ಜನರ ನಡುವೆ ಇದ್ದರೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು ಎನ್ನುತ್ತಾರೆ. ಪಾಪ ನಡೆದ ಗಳಿಗೆಗೂ ಅದನ್ನು ಗುರುತಿಸುವ ಗಳಿಗೆಗೂ ನಡುವಿನ ಅಂತರವನ್ನು ಕಡಿಮೆ ಮಾಡುವ ಉಪಾಯ ಅದು.

ಇಲ್ಲಿ ಆಯ್ಕೆ ಮುಖ್ಯ. ‘ಸಿಟ್ಟು’ ಎಂದು ಬರೆದುಕೊಂಡರೆ ಲೆಕ್ಕ ಸಿಗುವುದಿಲ್ಲ. ‘ಮನೆಕೆಲಸಕ್ಕೆ ಬರುವ ಅಕ್ಕ ತಡವಾಗಿ ಬಂದಾಗ ಚುಚ್ಚಿ ಮಾತಾಡುವುದು’ ಎಂದರೆ ಸಿಗುತ್ತದೆ. ‘ಸುಳ್ಳು’ ಬೇಡ, ‘ಆಫೀಸಿನಲ್ಲಿ ಮಾಡದ ಕೆಲಸವನ್ನು ಆಗುತ್ತಾ ಇದೆ ಎನ್ನುವುದು’ ಇರಲಿ. ಒಂದು ದೋಷಕ್ಕೆ ಕನಿಷ್ಠ ಒಂದು ತಿಂಗಳು ಕೊಡಿ. ಮೊದಲ ವಾರದಲ್ಲಿ ಚುಕ್ಕೆಗಳು ಹೆಚ್ಚುತ್ತವೆ. ಪಾಪ ಹೆಚ್ಚಿತೆಂದು ಗಾಬರಿಯಾಗಬೇಕಿಲ್ಲ, ಮೊದಲು ಕಾಣದೆ ಹೋಗುತ್ತಿದ್ದದ್ದು ಈಗ ಕಾಣುತ್ತಿದೆ. ಚುಕ್ಕೆಗಳ ಪಕ್ಕದಲ್ಲಿ ಹೊತ್ತನ್ನು ಬರೆದುಕೊಂಡರೆ ಇನ್ನೊಂದು ಸಂಗತಿ ತಿಳಿಯುತ್ತದೆ: ಬೀಳುವ ಜಾಗ ಬಹುಪಾಲು ಒಂದೇ. ಹಸಿದಾಗ, ರಾತ್ರಿ ಹನ್ನೊಂದರ ಮೇಲೆ ಮೊಬೈಲ್ ಕೈಯಲ್ಲಿದ್ದಾಗ, ಇಂಥವರ ಜೊತೆ ಕೂತಾಗ. ಪಾಪಕ್ಕೆ ದಾರಿಯಾಗುವ ಸಂದರ್ಭಗಳಿಂದ ದೂರವಿರುತ್ತೇನೆ ಎಂದು ಕಥೋಲಿಕರು ಪಶ್ಚಾತ್ತಾಪದ ಪ್ರಾರ್ಥನೆಯಲ್ಲಿ ಹೇಳುವುದು ಇದನ್ನೇ. ಮೊಬೈಲನ್ನು ಹಜಾರದಲ್ಲಿ ಚಾರ್ಜಿಗೆ ಹಾಕಿ ಮಲಗುವುದು ಆ ಪ್ರಾರ್ಥನೆಯ ಒಂದು ಭಾಗ.

ನಮ್ಮ ಪಾಪಗಳ ಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕರ್ನಾಟಕದ ಸಭೆಗಳಲ್ಲಿ ಕುಡಿತ, ಸಿಗರೇಟು, ಸಿನಿಮಾಗಳ ವಿರುದ್ಧ ಬೋಧನೆ ಧಾರಾಳವಾಗಿ ನಡೆಯುತ್ತದೆ. ಮದುವೆ ಮಾತುಕತೆಯಲ್ಲಿ ‘ಯಾವ ಪೈಕಿ?’ ಎಂದು ಜಾತಿ ಕೇಳುವ ಕ್ರೈಸ್ತ ಮನೆಗಳ ಬಗ್ಗೆ, ವರದಕ್ಷಿಣೆಯನ್ನು ಉಡುಗೊರೆ ಎಂದು ಕರೆದು ತೆಗೆದುಕೊಳ್ಳುವವರ ಬಗ್ಗೆ, ಕೂಲಿ ಹಣವನ್ನು ಮುಂದಿನ ವಾರಕ್ಕೆ ದೂಡುವವರ ಬಗ್ಗೆ ಅಷ್ಟು ನಡೆಯುವುದಿಲ್ಲ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ. ರಾತ್ರಿಯ ಪರಿಶೋಧನೆಗೆ ಕೂರುವವರು ಪ್ರಸಂಗದಲ್ಲಿ ಕೇಳಿದ ಪಟ್ಟಿಯನ್ನಷ್ಟೇ ಹಿಡಿದು ಕೂತರೆ, ದಿನವೆಲ್ಲಾ ಕಣ್ಣೆದುರಿಗೆ ಇದ್ದದ್ದು ತಪ್ಪಿಸಿಕೊಳ್ಳುತ್ತದೆ.

ಇನ್ನೊಬ್ಬರ ಕಿವಿಗೆ ಬೀಳಬೇಕು

ದೇವರಿಗೆ ಹೇಳಿದರೆ ಸಾಲದೇ ಎಂಬ ಪ್ರಶ್ನೆ ಹಳೆಯದು. ಕ್ಷಮೆಗೆ ಸಾಕೋ ಇಲ್ಲವೋ ಎಂಬಲ್ಲಿ ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಭಿನ್ನಾಭಿಪ್ರಾಯವಿದೆ, ಅದನ್ನು ಇಲ್ಲಿ ತೀರಿಸಲಾಗದು. ಆದರೆ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿರಿ ಎಂಬ ಯಾಕೋಬನ ಮಾತು ಇಬ್ಬರ ಸತ್ಯವೇದದಲ್ಲೂ ಇದೆ. ಗಟ್ಟಿಯಾಗಿ ಹೇಳುವಾಗ ಮನಸ್ಸಿಗೆ ಒಂದು ಅನುಕೂಲ ತಪ್ಪುತ್ತದೆ: ಒಳಗೊಳಗೇ ಹೇಳಿಕೊಂಡಾಗ ಸಲೀಸಾಗಿ ಸೇರಿಕೊಳ್ಳುತ್ತಿದ್ದ ‘ಆದರೆ ಅವರೂ...’ ಎಂಬ ಬಾಲ ಇನ್ನೊಬ್ಬರ ಮುಖದೆದುರು ಸೇರಿಕೊಳ್ಳುವುದಿಲ್ಲ.

ಗುರುಗಳ ಎದುರು ಮಾಡುವ ಕಥೋಲಿಕ ಪಾಪನಿವೇದನೆಯ ಶಿಸ್ತು ಈ ವಿಷಯದಲ್ಲಿ ಬಹಳ ಖಚಿತವಾದದ್ದು. 1551ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಹೇಳಿದಂತೆ ಮಾರಕ (ಅಂದರೆ ಗಂಭೀರ) ಪಾಪಗಳನ್ನು ಅವುಗಳ ಬಗೆ ಮತ್ತು ಸಂಖ್ಯೆ ಸಹಿತ ಹೇಳಬೇಕು, ಪಾಪದ ಬಗೆಯನ್ನೇ ಬದಲಿಸುವ ಸಂದರ್ಭವನ್ನೂ ಹೇಳಬೇಕು. ‘ಕದ್ದೆ’ ಎನ್ನುವುದಕ್ಕೂ ‘ಅನಾಥಾಶ್ರಮದ ಹುಂಡಿಯಿಂದ ಕದ್ದೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಜೊತೆಗೆ ಬೇರೆಯವರ ಪಾಪವನ್ನು ಹೇಳಬಾರದು, ಕತೆ ಬೆಳೆಸಬಾರದು. ‘ನನ್ನ ಸೊಸೆ ಎಂಥವಳೆಂದರೆ ಫಾದರ್...’ ಎಂದು ಶುರುವಾದದ್ದು ಸೊಸೆಯ ಪಾಪನಿವೇದನೆ ಆಗಿಬಿಡುತ್ತದೆ.

ಪ್ರೊಟೆಸ್ಟೆಂಟರಲ್ಲಿ ಈ ಶಿಸ್ತು ಇರಲಿಲ್ಲ ಎಂದುಕೊಂಡವರು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1738ರ ಡಿಸೆಂಬರ್ 25ರಂದು ತನ್ನ ಸಣ್ಣ ಗುಂಪುಗಳಿಗೆ ಬರೆದ ನಿಯಮಗಳನ್ನು ನೋಡಬೇಕು. ವಾರಕ್ಕೊಮ್ಮೆ ಸೇರಬೇಕು. ಪ್ರತಿ ಸಲ ಕೇಳುವ ಪ್ರಶ್ನೆಗಳು ಹೀಗಿವೆ: ಹೋದ ಸಲ ಸೇರಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು, ಎದುರಾದ ಶೋಧನೆ (ಪಾಪದ ಕಡೆ ಎಳೆಯುವ ಸೆಳೆತ) ಯಾವುದು, ಅದರಿಂದ ಬಿಡುಗಡೆ ಹೇಗಾಯಿತು, ಪಾಪವೋ ಅಲ್ಲವೋ ಎಂದು ಅನುಮಾನ ಇರುವಂಥದ್ದು ಏನಾದರೂ ಮಾಡಿದೆಯಾ, ಆಡಿದೆಯಾ, ನೆನೆಸಿದೆಯಾ. ಗುಂಪಿಗೆ ಸೇರುವ ಮೊದಲು ಕೇಳುತ್ತಿದ್ದ ಪ್ರಶ್ನೆಗಳು ಬೇರೆ ಇದ್ದವು. ಅವುಗಳಲ್ಲಿ ಮೊದಲನೆಯದು, ನಿನಗೆ ಪಾಪಕ್ಷಮೆ ಆಗಿದೆಯೇ ಎಂಬುದು. ನಿನ್ನ ತಪ್ಪುಗಳನ್ನು ನಾವು ಮುಚ್ಚುಮರೆಯಿಲ್ಲದೆ ಹೇಳಲು ಒಪ್ಪುತ್ತೀಯಾ ಎಂಬುದು ಆಮೇಲೆ ಬರುತ್ತದೆ. ಜಕ್ಕಾಯನ ಮನೆಯ ಅನುಕ್ರಮವೇ ಇಲ್ಲೂ ಇದೆ. ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿದವು. ಆ ಸಭೆಗಳಿಗೆ ಈ ಪ್ರಶ್ನೆಗಳು ಹೊರಗಿನ ಸರಕೇನೂ ಅಲ್ಲ, ಮನೆಯ ಆಸ್ತಿ.

ಇಂಥ ಗುಂಪು ಕಟ್ಟುವವರು ಕೆಲವು ಎಚ್ಚರಗಳನ್ನು ಇಟ್ಟುಕೊಳ್ಳಬೇಕು. ಮೂರು ನಾಲ್ಕು ಜನ ಸಾಕು. ಗಂಡಸರದು ಬೇರೆ, ಹೆಂಗಸರದು ಬೇರೆ ಇರಲಿ. ಗಂಡನ ಮೇಲಧಿಕಾರಿ, ಮನೆಯ ಬಾಡಿಗೆದಾರ ಇಂಥವರು ಒಂದೇ ಗುಂಪಿನಲ್ಲಿ ಬೇಡ. ಕೇಳಿದ್ದನ್ನು ‘ಇಂಥವರಿಗಾಗಿ ಪ್ರಾರ್ಥಿಸಿ’ ಎಂಬ ನೆಪದಲ್ಲೂ ವಾಟ್ಸಾಪಿಗೆ ಹಾಕಬಾರದು. ಗುಂಪುಗಳು ಒಡೆಯುವುದು ಹೆಚ್ಚಾಗಿ ಇದರಿಂದಲೇ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಪ್ರಾರ್ಥನಾ ಗುಂಪಿನಲ್ಲಿ ಹೊರಬಿದ್ದರೆ ಗುಟ್ಟಿನ ಮಾತು ಅಲ್ಲಿ ಸಲ್ಲದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮಾನ ಕಾಪಾಡುವ ಮಾತು ಅದರ ಮುಂದೆ ನಿಲ್ಲುವುದಿಲ್ಲ.

ತೊಳೆದರೂ ಹೋಗದ ಕಲೆ ಕಂಡಾಗ

ಹೆಸರಿಟ್ಟು ನೋಡಿ ಎನ್ನುವ ಸಲಹೆ ಕೆಲವರಿಗೆ ವಿಷವಾಗಬಹುದು. ಅರಿಕೆ ಮಾಡಿದ್ದನ್ನೇ ಮತ್ತೆ ಮತ್ತೆ ಅರಿಕೆ ಮಾಡುವ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ರಾತ್ರಿಯೆಲ್ಲ ತೊಳಲಾಡುವ ಮನಸ್ಸುಗಳಿವೆ. ಇಗ್ನೇಷಿಯಸರೇ 1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಇದನ್ನು ಅನುಭವಿಸಿದವರು. ಸ್ಪಷ್ಟವಾಗಿ ಗೊತ್ತಿರುವ ಹಳೆಯ ಪಾಪವನ್ನು ಮಾತ್ರ ಹೇಳು ಎಂದು ಗುರುಗಳು ಹೇಳಿದರು. ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿದ್ದುದರಿಂದ ಆ ಮದ್ದು ತಾಗಲಿಲ್ಲ. ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿತ್ತು. ಹಳೆಯದನ್ನು ಇನ್ನು ಯಾವತ್ತೂ ತಿರುಗಿ ಅರಿಕೆ ಮಾಡುವುದಿಲ್ಲ ಎಂದು ತೀರ್ಮಾನಿಸಿದ ದಿನದಿಂದ ಬಿಡುಗಡೆ ಸಿಕ್ಕಿತು. ಅನುಭವಿ ಗುರುಗಳು ಇಂಥವರಿಗೆ ಇಂದಿಗೂ ಹೇಳುವುದು ಇದನ್ನೇ: ಒಬ್ಬರೇ ಗುರುವಿನ ಮಾತು ಕೇಳು, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಡ, ಅನುಮಾನ ಇದ್ದರೆ ಪಾಪವಾಗಿಲ್ಲ ಎಂದೇ ತಿಳಿ. ಚುಕ್ಕೆಯ ಲೆಕ್ಕ ಇವರಿಗೆ ಬೇಡವೇ ಬೇಡ. ಕೈ ತೊಳೆದಷ್ಟೂ ಸಾಲದೆನ್ನಿಸುವಂಥ ಕಾಟ ಜೊತೆಗಿದ್ದರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಅದರಲ್ಲಿ ಅವಿಶ್ವಾಸವೇನೂ ಇಲ್ಲ.

ಎರಡು ಬಗೆಯ ದುಃಖವನ್ನು ಗುರುತಿಸಲು ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 7ನೇ ಅಧ್ಯಾಯದಲ್ಲಿ ಒಂದು ಗುರುತು ಕೊಡುತ್ತಾನೆ. ದೇವರ ಚಿತ್ತದಂತೆ ಬಂದ ದುಃಖ ಮನಸ್ಸನ್ನು ತಿರುಗಿಸಿ ಬದುಕಿಸುತ್ತದೆ, ಲೋಕದ ದುಃಖ ಸಾಯಿಸುತ್ತದೆ. ಮೊದಲನೆಯದು ಯಾವಾಗಲೂ ಒಂದು ನಿರ್ದಿಷ್ಟ ಸಂಗತಿಯ ಬಗ್ಗೆ ಇರುತ್ತದೆ, ಮಾಡಬಹುದಾದ ಒಂದು ಕೆಲಸವನ್ನು ತೋರಿಸುತ್ತದೆ. ಎರಡನೆಯದು ‘ನೀನೇ ಸರಿಯಿಲ್ಲ’ ಎಂದಷ್ಟೇ ಹೇಳಿ ಮೂಲೆಗೆ ತಳ್ಳುತ್ತದೆ.

ಬೆಳವಣಿಗೆಯ ವಿಷಯದಲ್ಲೂ ಪೌಲ ಬಹಳ ವ್ಯಾವಹಾರಿಕ. ಎಫೆಸದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಕಳ್ಳನಿಗೆ ಹೇಳಿದ ಮಾತಿನಲ್ಲಿ ಮೂರು ಭಾಗಗಳಿವೆ: ಇನ್ನು ಕದಿಯಬೇಡ, ಕೈಯಾರೆ ದುಡಿ, ದುಡಿದದ್ದರಿಂದ ಇಲ್ಲದವನಿಗೆ ಕೊಡು. ಕದಿಯುವುದನ್ನು ನಿಲ್ಲಿಸಿದವನು ಬರೀ ಕದಿಯದ ಕಳ್ಳ. ಕೊಡುವವನಾದಾಗಲೇ ಅವನು ಬೇರೆ ಮನುಷ್ಯ. ದೆವ್ವ ಬಿಟ್ಟುಹೋದ ಮನೆಯನ್ನು ಗುಡಿಸಿ ಖಾಲಿ ಇಟ್ಟರೆ ಅದು ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ಬರುತ್ತದೆ ಎಂದು ಯೇಸು ಎಚ್ಚರಿಸಿದ್ದೂ ಇದನ್ನೇ. ಆದ್ದರಿಂದ ‘ಚಾಡಿ ಹೇಳುವುದಿಲ್ಲ’ ಎಂಬ ನಿರ್ಧಾರದ ಪಕ್ಕದಲ್ಲಿ, ಯಾರ ಬಗ್ಗೆ ಚಾಡಿ ಹೇಳಿದ್ದೆವೋ ಅವರ ಒಂದು ಒಳ್ಳೆಯ ಗುಣವನ್ನು ಅದೇ ಜನರ ಮುಂದೆ ಹೇಳುತ್ತೇನೆ ಎಂದೂ ಬರೆದುಕೊಳ್ಳಬೇಕು. ಫಲ ನಿಧಾನ. ಪ್ರೊಟೆಸ್ಟೆಂಟರ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ ಅತ್ಯಂತ ಪವಿತ್ರರಲ್ಲೂ ಈ ಜೀವನದಲ್ಲಿ ಇರುವುದು ವಿಧೇಯತೆಯ ಒಂದು ಸಣ್ಣ ಆರಂಭವಷ್ಟೇ ಎನ್ನುತ್ತದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಇವಾಗ್ರಿಯಸ್ ಎಂಟು ಕೆಟ್ಟ ಯೋಚನೆಗಳನ್ನು ಗುರುತಿಸಿ, ಹೊಗಳಿಕೆಯಾಸೆ ಮತ್ತು ಅಹಂಕಾರಗಳನ್ನು ಕೊನೆಗೆ ಇಟ್ಟ, ಉಳಿದವುಗಳನ್ನು ಗೆದ್ದವನನ್ನು ಕಾಡುವವು ಅವು. ಚುಕ್ಕೆ ಕಡಿಮೆಯಾದ ವಾರದಲ್ಲೇ ಪಕ್ಕದವರ ಚುಕ್ಕೆ ಎಣಿಸುವ ಆಸೆ ಹುಟ್ಟುತ್ತದೆ.

ವಾಪಸ್ಸು ಕೊಡುವ ಲೆಕ್ಕ

ಅರಿಕೆ ಎಲ್ಲಿ ನಿಜವಾಗುತ್ತದೆ ಎಂದು ಕೇಳಿದರೆ ನನ್ನ ಉತ್ತರ ಇದು: ವಾಪಸ್ಸು ಕೊಡುವಲ್ಲಿ. ಸತ್ಯವೇದದ ಯಾಜಕಕಾಂಡ 6 ಮತ್ತು ಅರಣ್ಯಕಾಂಡ 5ರ ನಿಯಮ ಸರಳ. ತಪ್ಪನ್ನು ಒಪ್ಪಿಕೊಳ್ಳಬೇಕು, ತೆಗೆದುಕೊಂಡದ್ದನ್ನು ಪೂರ್ತಿ ಕೊಡಬೇಕು, ಅದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಮೋಸದಿಂದ ಬಂದದ್ದು 10,000 ರೂಪಾಯಿಯಾದರೆ ಕೊಡಬೇಕಾದದ್ದು 12,000. ಯಾಜಕಕಾಂಡ ಇದನ್ನು ಪ್ರಾಯಶ್ಚಿತ್ತದ ಬಲಿ ಅರ್ಪಿಸುವ ದಿನವೇ ಕೊಡಬೇಕು ಎನ್ನುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಎಂದು ಯೇಸು ಹೇಳಿದ್ದರ ಹಿನ್ನೆಲೆಯಲ್ಲಿ ಈ ನಿಯಮವನ್ನು ಇಟ್ಟುಕೊಂಡು ಓದಿದರೆ ಆ ಮಾತಿನ ಭಾರ ತಿಳಿಯುತ್ತದೆ.

ಕ್ಷಮೆ ಕೇಳುವುದಕ್ಕೂ ಒಂದು ರೀತಿ ಇದೆ. ಮಾಡಿದ್ದನ್ನು ಮಾಡಿದ ಹಾಗೆ ಹೇಳಬೇಕು: ‘ಅಪ್ಪ ತೀರಿಕೊಂಡ ಮೇಲೆ ನಿನ್ನ ಪಾಲನ್ನು ಕೊಡದೆ ಸಹಿ ಹಾಕಿಸಿಕೊಂಡೆ.’ ಅದರಿಂದ ಎದುರಿನವರಿಗೆ ಆದ ನಷ್ಟವನ್ನು ನಾವೇ ಹೇಳಬೇಕು, ಅವರ ಬಾಯಿಂದ ಹೇಳಿಸಬಾರದು. ‘ನಿನಗೆ ಬೇಜಾರಾಗಿದ್ದರೆ’ ಎಂಬ ‘ರೆ’ ಬೇಡ, ‘ಆದರೆ ಆಗ ನನ್ನ ಪರಿಸ್ಥಿತಿ’ ಬೇಡ. ಏನು ವಾಪಸ್ಸು ಕೊಡುತ್ತೇವೆ, ಯಾವ ದಿನ ಎಂದು ಹೇಳಬೇಕು, ಒಂದೇ ಸಲಕ್ಕೆ ಆಗದಿದ್ದರೆ ಕಂತು ಹೇಳಬೇಕು. ‘ಕ್ಷಮಿಸಿದೆ ಅನ್ನು’ ಎಂದು ಒತ್ತಾಯಿಸಬಾರದು. ನೊಂದವರಿಗೆ ‘ಕ್ರೈಸ್ತರಾದ ಮೇಲೆ ಕ್ಷಮಿಸಲೇಬೇಕು’ ಎಂದು ಹೇಳುವ ಹಿರಿಯರು ಎಷ್ಟೋ ಸಲ ತಪ್ಪು ಮಾಡಿದವನ ವಕಾಲತ್ತು ವಹಿಸಿರುತ್ತಾರೆ. ಹೊಡೆಯುವ ಗಂಡನ ಮನೆಗೆ ಹೆಂಡತಿಯನ್ನು ಮರಳಿ ಕಳಿಸುವುದಕ್ಕೆ ಏಳೆಪ್ಪತ್ತು ಸಲ ಕ್ಷಮಿಸು ಎಂಬ ವಚನವನ್ನು ಬಳಸುವುದು ಸತ್ಯವೇದಕ್ಕೆ ಮಾಡುವ ದ್ರೋಹ. ಕೃಪೆ ತಪ್ಪು ಮಾಡಿದವನಿಗೆ ಸಿಕ್ಕಾಗ ಅದರ ಖರ್ಚು ನೊಂದವರ ತಲೆಯ ಮೇಲೆ ಬೀಳಬೇಕಾಗಿಲ್ಲ, ಶಿಲುಬೆಯ ಮೇಲೆ ಅದನ್ನು ಹೊತ್ತವನು ಬೇರೆ ಇದ್ದಾನೆ.

ವಾಪಸ್ಸು ಕೊಡಬೇಕಾದವರು ಸತ್ತುಹೋಗಿದ್ದರೆ? ಊರು ಬಿಟ್ಟು ಹೋಗಿ ಪತ್ತೆಯೇ ಇಲ್ಲದಿದ್ದರೆ? ಅರಣ್ಯಕಾಂಡ ಇದನ್ನೂ ಯೋಚಿಸಿದೆ. ಆ ಮನುಷ್ಯ ಇಲ್ಲದಿದ್ದರೆ ಹತ್ತಿರದ ಬಂಧುವಿಗೆ ಕೊಡು, ಬಂಧುವೂ ಇಲ್ಲದಿದ್ದರೆ ಅದು ಯೆಹೋವನಿಗೆ ಸೇರಿದ್ದು, ಯಾಜಕನ ಕೈಗೆ ಕೊಡು ಎನ್ನುತ್ತದೆ 5ನೇ ಅಧ್ಯಾಯದ 8ನೇ ವಚನ. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು ಮಕ್ಕಳನ್ನು ಹುಡುಕಿ. ಊರಿನ ಪಾಸ್ಟರು ಅಥವಾ ಧರ್ಮಕೇಂದ್ರದ ಗುರುಗಳಿಗೆ ವಿಳಾಸ ಗೊತ್ತಿರಬಹುದು. ಹೆಸರು ಹೇಳಿಕೊಳ್ಳುವುದರಿಂದ ಮೂರನೆಯವರಿಗೆ ಹಾನಿಯಾಗುವ ಹಾಗಿದ್ದರೆ ಗುರುಗಳ ಮೂಲಕವೇ ತಲುಪಿಸಬಹುದು, ಕಥೋಲಿಕರಲ್ಲಿ ಇದು ಹಳೆಯ ರೂಢಿ. ಯಾರೂ ಸಿಗದಿದ್ದರೆ ಮೊತ್ತವನ್ನು ಲೆಕ್ಕ ಹಾಕಿ, ಐದರಲ್ಲಿ ಒಂದು ಪಾಲು ಸೇರಿಸಿ, ಅದೇ ಊರಿನ ಬಡವರಿಗೆ ಮುಟ್ಟುವಂತೆ ಕೊಡಿ. ರಸೀದಿಯಲ್ಲಿ ನಿಮ್ಮ ಹೆಸರು ಬೇಡ, ದಾನಿಗಳ ಫಲಕದಲ್ಲಂತೂ ಬೇಡವೇ ಬೇಡ. ಆ ಹಣ ನಿಮ್ಮದಾಗಿರಲಿಲ್ಲ.